ರಾಜರ್ಸ್ ಊರಿನಿಂದ ಅಪ್ಪನಿಗೆ

ತೀರ್ಥರೂಪು ಅಪ್ಪನಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಮಂಡಿ ನೋವು ಹೇಗಿದೆ?

"ಮೆಕ್ಸಿಕೋದವರು ಅಷ್ಟೊಂದು ಜನ ಬಂದಿದ್ದಾರಂತೆ, ಊರಿಗೆ ಹೊಂದಿಕೊಂಡಿದ್ದಾರಾ?" ಅಂತ ಫೋನಿನಲ್ಲಿ ಕೇಳಿದಿರಲ್ಲ. ಎರಡು ಮಾತಲ್ಲಿ ಮುಗಿಯುವ ವಿಷಯವಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವ ರಾಜರ್ಸ್ ಅಮೆರಿಕದ ಅರ್ಕನ್ಸಾ ರಾಜ್ಯದ ವಾಯವ್ಯ ಮೂಲೆಯಲ್ಲಿದೆ. ಪಕ್ಕದ ಸ್ಪ್ರಿಂಗ್‌ಡೇಲ್‌ನಲ್ಲಿ ಮಾಂಸ ಮಾರುವ ಟೈಸನ್ ಕಂಪನಿಯ ಮುಖ್ಯ ಕಚೇರಿ. ಸುತ್ತಲೂ ಕೋಳಿ ಮಾಂಸದ ಕಾರ್ಖಾನೆಗಳು. 1990ರಲ್ಲಿ ಇಲ್ಲಿದ್ದವರು ಹೆಚ್ಚುಕಡಿಮೆ ಬಿಳಿಯರೇ. ಈಗ ಎರಡೂ ಊರುಗಳಲ್ಲಿ ಸುಮಾರು ಮೂರರಲ್ಲೊಬ್ಬರು ಮೆಕ್ಸಿಕೋ, ಎಲ್ ಸಾಲ್ವಡಾರ್ ಕಡೆಯ ಮೂಲದವರು. ಇಡೀ ದೇಶದಲ್ಲಿ ಹಿಸ್ಪಾನಿಕ್ ಜನ, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು, 2020ರ ಜನಗಣತಿಯಲ್ಲಿ 6.2 ಕೋಟಿ.

1986ರಲ್ಲಿ ಅಮೆರಿಕ ಸರ್ಕಾರ ಕಾನೂನು ಮಾಡಿ, ಇಲ್ಲಿರಲು ಬೇಕಾದ ಕಾಗದಪತ್ರವಿಲ್ಲದ ಸುಮಾರು 27 ಲಕ್ಷ ಜನರಿಗೆ ಇರಲು ಅನುಮತಿ ಕೊಟ್ಟಿತು. ಆಮೇಲೆ ಅವರಲ್ಲಿ ಎಷ್ಟೋ ಮಂದಿ ಕ್ಯಾಲಿಫೋರ್ನಿಯಾ ಬಿಟ್ಟು ಈ ಕಡೆ ಬಂದರು. ಅಲ್ಲಿ ಹೊಲದ ಕೂಲಿ ಸುಗ್ಗಿ ಇರುವಷ್ಟು ದಿನ ಮಾತ್ರ. ಕೋಳಿ ಕಾರ್ಖಾನೆಯಲ್ಲಿ ವರ್ಷಪೂರ್ತಿ ಸಂಬಳ, ಮನೆಯೂ ಅಗ್ಗ. ಆದರೆ ಕೆಲಸ ಬಲು ಕಷ್ಟದ್ದು. ಚಳಿ ಕೊರೆಯುವ ಕಟ್ಟಡದಲ್ಲಿ ಗಂಟೆಗಟ್ಟಲೆ ನಿಂತು ಕತ್ತರಿಸುತ್ತಲೇ ಇರಬೇಕು. ಮಣಿಕಟ್ಟು ಹಾಳು ಮಾಡಿಕೊಂಡವರು ಜಾಸ್ತಿ. ಈ ದೇಶದ ಊಟದ ತಟ್ಟೆ ಅವರ ಕೈಯಿಂದಲೇ ತುಂಬುವುದು. ಅದನ್ನು ಮರೆತು ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ತೊಂಬತ್ತರ ದಶಕದಲ್ಲಿ ಇಲ್ಲಿನ ಒಂದು ಬ್ಯಾಂಕಿನವರು ಈ ಕಾರ್ಮಿಕರಿಗೆ ಖಾತೆ ತೆರೆಯುವುದು, ಮನೆ ಸಾಲ ಪಡೆಯುವುದು ಹೇಗೆಂದು ಹೇಳಿಕೊಟ್ಟರಂತೆ. ಸ್ವಂತ ಮನೆ ಆದವರು ಕೆಲಸ ಬಿಟ್ಟು ಹೋಗುವುದು ಕಡಿಮೆಯಾಯಿತು. ಎಲ್ಲ ಊರಿನಲ್ಲೂ ಹೀಗೆ ಮಾಡಬೇಕು ಅಂತ ನನಗೆ ಅನಿಸುತ್ತದೆ.

ನೀವು ಮೇಷ್ಟ್ರು, ಶಾಲೆಯ ವಿಷಯ ನಿಮಗೆ ಹಿಡಿಸುತ್ತದೆ. ಟೆಕ್ಸಾಸ್‌ನ ಒಂದು ಮೊಕದ್ದಮೆಯಲ್ಲಿ, ಕಾಗದಪತ್ರ ಇಲ್ಲ ಅಂತ ಯಾವ ಮಗುವನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು. ಆ ತೀರ್ಪು ಇಲ್ಲದಿದ್ದರೆ ಲಕ್ಷಾಂತರ ಮಕ್ಕಳು ಓದು ಕಾಣದೆ ಬೆಳೆಯುತ್ತಿದ್ದರು, ಅಲ್ವಾ? ಸ್ಪ್ರಿಂಗ್‌ಡೇಲ್‌ನ ಶಾಲೆಗಳಲ್ಲಿ ಅಪ್ಪ ಅಮ್ಮಂದಿರೂ ಮಕ್ಕಳ ತರಗತಿಯಲ್ಲಿ ಕೂತು ಇಂಗ್ಲಿಷ್ ಕಲಿತಿದ್ದಾರೆ.

ಎಲ್ಲವೂ ಸಲೀಸಾಗಿ ಆಗಲಿಲ್ಲ. 2007ರಲ್ಲಿ ಇಲ್ಲಿನ ಪೊಲೀಸರು ವಲಸೆ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡು, ಕಾಗದಪತ್ರ ಇಲ್ಲದವರನ್ನು ಹಿಡಿಯುವ ಕೆಲಸಕ್ಕೂ ಕೈಹಾಕಿದರು. ಹಾಗಾದ ಮೇಲೆ ಕಳ್ಳತನವಾದರೂ ಠಾಣೆಗೆ ಹೋಗಿ ದೂರು ಕೊಡಲು ಯಾರಿಗೆ ಧೈರ್ಯ ಬರುತ್ತದೆ? ನಾವು ಡಿಗ್ರಿ, ವೀಸಾ, ಕಂಪನಿಯ ಆಫರ್ ಹಿಡಿದು ವಿಮಾನ ಇಳಿದವರು. ನಮ್ಮನ್ನೂ ಅವರನ್ನೂ ಒಂದೇ ಅಳತೆಯಲ್ಲಿ ತೂಗಬಾರದು ಅಪ್ಪ.

ಎದುರು ಮನೆಯ ಹುಡುಗಿ ನರ್ಸಿಂಗ್ ಓದುತ್ತಿದ್ದಾಳೆ. ಕೂಸಿದ್ದಾಗ ಬಂದವಳು. ಚಿಕ್ಕಂದಿನಲ್ಲಿ ಬಂದ ಕಾಗದಪತ್ರವಿಲ್ಲದವರನ್ನು ಗಡೀಪಾರಿನಿಂದ ತಾತ್ಕಾಲಿಕವಾಗಿ ಕಾಪಾಡುವ 2012ರ ಡಾಕಾ (DACA) ಯೋಜನೆಯಲ್ಲಿ ಅವಳಿಗೆ ಕೆಲಸದ ಪರವಾನಗಿ ಇದೆ, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಂಥವರಿಗೂ ನರ್ಸ್ ಲೈಸೆನ್ಸ್ ಕೊಡಬಹುದೆಂದು ಈ ರಾಜ್ಯ 2019ರಲ್ಲಿ ಕಾನೂನು ಮಾಡಿತು. ಅವಳಿಗೆ ಈಗ ಪರೀಕ್ಷೆಯದೇ ಚಿಂತೆ.

ನೀವು ಬಂದಾಗ ಆ ಮನೆಯವರನ್ನು ಖಂಡಿತ ಭೇಟಿ ಮಾಡಿಸುತ್ತೇನೆ. ಅವಳ ಅಮ್ಮ ನಿಮ್ಮಿಬ್ಬರ ಬಗ್ಗೆ ಆಗಾಗ ಕೇಳುತ್ತಿರುತ್ತಾರೆ. ಪಾಸ್‌ಪೋರ್ಟ್ ನವೀಕರಣಕ್ಕೆ ಬೇಗ ಅರ್ಜಿ ಹಾಕಿ.

ಇಂತಿ ನಿಮ್ಮ ಮಗಳು,
ಸುಮಾ