ಬಸ್ಸಿನ ಟೂಲ್ ಬಾಕ್ಸ್‌ನಲ್ಲಿ ಪೈಪ್ ಕಟರ್ ಇರಲಿ

ಮಾನ್ಯ ಸಂಪಾದಕರೇ,

ದಾವಣಗೆರೆ ಬೈಪಾಸ್ ಹತ್ತಿರ 22 ವರ್ಷದಿಂದ ಬಸ್, ಲಾರಿ ರಿಪೇರಿ ಮಾಡಿಕೊಂಡಿದ್ದೇನೆ. ಬೆಂಗಳೂರು–ಹುಬ್ಬಳ್ಳಿ ನಡುವಿನ ರಾತ್ರಿ ಬಸ್ಸುಗಳಿಂದಲೇ ನನ್ನ ಮನೆ ನಡೆಯುತ್ತಿದೆ. ಆ ಬಸ್ಸುಗಳ ಮಾಲೀಕರಿಗೂ ಡ್ರೈವರ್‌ಗಳಿಗೂ ಒಂದು ಮಾತು ಮುಟ್ಟಲಿ ಅಂತ ಈ ಪತ್ರ.

ಹೋದ ತಿಂಗಳು ಬೆಳಗಿನ ಜಾವ 3 ಗಂಟೆಗೆ ಒಂದು ಸ್ಲೀಪರ್ ಬಸ್ ಬಂತು. ಹಿಂದೆ ಎಡಗಡೆ ಕುಸಿದು ವಾಲಿತ್ತು. ‘ಅಣ್ಣಾ, ಬಲೂನ್ ಹೋಗಿದೆ, ಹೊಸದು ಹಾಕ್ಬಿಡಿ’ ಅಂದರು ಡ್ರೈವರ್. ಬಲೂನ್ ಅಂದರೆ ಲೀಫ್ ಸ್ಪ್ರಿಂಗ್ ಬದಲು ಗಾಳಿ ತುಂಬಿಕೊಂಡು ಬಸ್ಸಿನ ಭಾರ ಹೊರುವ ರಬ್ಬರ್ ಚೀಲ. ಒಂದಕ್ಕೇ ಸಾವಿರಾರು ರೂಪಾಯಿ. ಮಾಲೀಕರು ಫೋನಿನಲ್ಲೇ ಒಪ್ಪಿಬಿಟ್ಟಿದ್ದರು.

ಸೋಪಿನ ನೀರು ಹೊಡೆದು ನೋಡಿದೆ. ಬಲೂನ್‌ಗೆ ಏನೂ ಆಗಿರಲಿಲ್ಲ. ಅದಕ್ಕೆ ಗಾಳಿ ಬಿಡುವ ಲೆವೆಲಿಂಗ್ ವಾಲ್ವ್ ಇದೆಯಲ್ಲ, ಅಲ್ಲಿ 8 ಎಂಎಂ ನೈಲಾನ್ ಪೈಪ್ ಕನೆಕ್ಟರ್ ಒಳಗೆ ಹೋಗುವ ಜಾಗದಲ್ಲಿ ನೊರೆ ಬುರುಬುರು ಉಕ್ಕುತ್ತಿತ್ತು. ಮೇಲೆ ಸೈಕಲ್ ಟ್ಯೂಬ್ ಸುತ್ತಿ ಬೈಂಡಿಂಗ್ ವೈರ್ ಬಿಗಿದಿದ್ದರು. ಬಿಚ್ಚಿದರೆ ಪೈಪಿನ ತುದಿ ಓರೆ. ಯಾರೋ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ತುರುಕಿದ್ದರು. ಸಾಲದ್ದಕ್ಕೆ ತುದಿಗೆ ನಲ್ಲಿಗೆ ಸುತ್ತುವ ಥ್ರೆಡ್ ಟೇಪ್ ಬೇರೆ.

ಇಲ್ಲೇ ತಪ್ಪಾಗುವುದು. ಆ ಕನೆಕ್ಟರ್ ಒಳಗೆ ಓ-ರಿಂಗ್ ಅಂತ ಒಂದು ಸಣ್ಣ ರಬ್ಬರ್ ಬಳೆ ಇರುತ್ತದೆ. ಅದು ಪೈಪಿನ ಹೊರಮೈಯನ್ನು ಸುತ್ತಲೂ ಅಪ್ಪಿ ಹಿಡಿದರಷ್ಟೇ ಗಾಳಿ ನಿಲ್ಲುವುದು. ತುದಿ ಓರೆಯಿದ್ದರೆ ಒಂದು ಕಡೆ ಹಿಡಿತ ತಪ್ಪುತ್ತದೆ. ಸಿಬಿರು ಇದ್ದರೆ ರಿಂಗೇ ಕುಯ್ದುಹೋಗುತ್ತದೆ. ಟೇಪಿನ ಚೂರು ವಾಲ್ವ್ ಒಳಗೆ ಸೇರಿದರೆ ಅದೂ ಕೆಡುತ್ತದೆ. ಇತ್ತ ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಬಿಸಿಯೇರುತ್ತದೆ.

ಗಾಳಿ ಪೂರ್ತಿ ಖಾಲಿ ಮಾಡಿ, ಪೈಪನ್ನು ಒಂದೂವರೆ ಸೆಂಟಿಮೀಟರ್ ಹಿಂದಕ್ಕೆ ಕಟರ್‌ನಲ್ಲಿ ನೇರವಾಗಿ ಕತ್ತರಿಸಿದೆ. ಹೊಸ ಕನೆಕ್ಟರ್ ಹಾಕಿದೆ. ಎಷ್ಟು ಒಳಗೆ ಹೋಗಬೇಕೋ ಅಷ್ಟಕ್ಕೆ ಪೆನ್ನಿನಲ್ಲಿ ಗುರುತು ಮಾಡಿ, ಆ ಗುರುತಿನವರೆಗೆ ಒತ್ತಿ, ಮತ್ತೆ ಎಳೆದು ನೋಡಿದೆ. ಗಾಳಿ ತುಂಬಿ ಸೋಪಿನ ನೀರು ಹೊಡೆದರೆ ಒಂದು ಗುಳ್ಳೆಯೂ ಇಲ್ಲ. ಸಾಮಾನಿಗೆ ಆದದ್ದು 150 ರೂಪಾಯಿ, ಹಿಡಿದದ್ದು ಮುಕ್ಕಾಲು ಗಂಟೆ.

ಆದರೆ ಆ ರಾತ್ರಿ ನನ್ನ ಎದೆ ಝಲ್ ಅನ್ನಿಸಿದ್ದು ಬೇರೆ. ನಾನು ಟಾರ್ಚ್ ತರುವಷ್ಟರಲ್ಲಿ ಕ್ಲೀನರ್ ಹುಡುಗ ಕೈಯಿಂದ ಲೀಕ್ ಹುಡುಕಲು ಬಸ್ಸಿನ ಕೆಳಗೆ ತೂರಿಬಿಟ್ಟಿದ್ದ. ಬಸ್ಸು ಕೂರದಂತೆ ಕೆಳಗೆ ಆನಿಸುವ ಸ್ಟ್ಯಾಂಡ್ ಇಲ್ಲ, ಚಕ್ರಕ್ಕೆ ಕಲ್ಲೂ ಇಲ್ಲ. ಕೂಗಿ ಕಾಲು ಹಿಡಿದು ಎಳೆದೆ. ಗಾಳಿ ಟ್ಯಾಂಕಿನಲ್ಲಿ 8 ಬಾರ್ ಒತ್ತಡ ಇರುತ್ತದೆ, ಕಾರ್ ಟೈರಿನ ಹತ್ತಿರ ಹತ್ತಿರ ನಾಲ್ಕು ಪಟ್ಟು. ಆ ಪೈಪ್ ಕಿತ್ತುಬಂದರೆ ಬಸ್ಸು ಧಡ್ ಅಂತ ಕೂರುತ್ತದೆ. ಕೆಳಗಿದ್ದವನಿಗೆ ಹೊರಬರಲು ಪುರುಸೊತ್ತು ಸಿಗಲ್ಲ. ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಮಾಲೀಕರಲ್ಲಿ ನಾನು ಕೇಳುವುದು ಜಾಸ್ತಿ ಏನಲ್ಲ. ಪ್ರತಿ ಬಸ್ಸಿನಲ್ಲೂ ಒಂದು ಪೈಪ್ ಕಟರ್, ಆ ಬಸ್ಸಿಗೆ ಹೊಂದುವ ಅಳತೆಯ ನಾಲ್ಕು ಕನೆಕ್ಟರ್, 2 ಮೀಟರ್ ಒಳ್ಳೆ ನೈಲಾನ್ ಪೈಪ್, ಒಂದು ಜೊತೆ ಸ್ಟ್ಯಾಂಡ್ ಇಡಿ. ನಿಮ್ಮ ಹುಡುಗರಿಗೆ ಅರ್ಧ ದಿನ ಕಲಿಸಿ. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡುವ ಅಧಿಕಾರಿಗಳೂ ಈ ಜಾಯಿಂಟುಗಳಿಗೆ ಸೋಪಿನ ನೀರು ಹೊಡೆಸಿ ನೋಡಬೇಕು. ಐದು ನಿಮಿಷದ ಕೆಲಸ, ಅಲ್ವಾ? ಕಲಿಸಲು ಜಾಗ ಬೇಕಿದ್ದರೆ ನನ್ನ ಶೆಡ್ ಭಾನುವಾರ ಬೆಳಗ್ಗೆ ಖಾಲಿ ಇರುತ್ತದೆ. ದುಡ್ಡು ಬೇಡ.

– ಒಬ್ಬ ಬಸ್ ಮೆಕ್ಯಾನಿಕ್, ದಾವಣಗೆರೆ