ಡಾಲ್ಫಿನ್ ಬಿಡಿಸೋಕೆ ಬಲೆ ಕತ್ತರಿಸಿದವರಿಗೆ ದುಡ್ಡು ಕೊಡಿ ಸಚಿವರೇ

ಮೀನುಗಾರಿಕೆ ಮತ್ತು ಬಂದರು ಖಾತೆ ಸಚಿವರಿಗೆ,

ಸರ್ ನಮಸ್ಕಾರ. ನಾನು ಕುಮಟಾ ಕಡೆಯವ, ಈಗ ಬೆಂಗಳೂರಲ್ಲಿ ಇದೀನಿ. ಚಿಕ್ಕವನಿದ್ದಾಗ ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಲಿ ದಾಟುವಾಗ ಅಳಿವೆ ಬಾಯಲ್ಲಿ ಡಾಲ್ಫಿನ್ ಬೆನ್ನು ಕಂಡ್ರೆ ದೋಣಿಯವ್ರೇ ಕೈ ತೋರ್ಸಿ ನೋಡು ಅಂತಿದ್ರು. ಗೂನುಬೆನ್ನಿನ ಆ ಜಾತಿ ಆಳ ಸಮುದ್ರಕ್ಕೆ ಹೋಗೋದೇ ಕಮ್ಮಿ, ದಡದ ಹತ್ರ, ಹೆಚ್ಚಂದ್ರೆ 25-30 ಮೀಟರ್ ಆಳದ ನೀರಲ್ಲಿ, ಅದರಲ್ಲೂ ನದಿ ಬಂದು ಸೇರೋ ಕಡೆ ಇರುತ್ತೆ, ಯಾಕಂದ್ರೆ ಮೀನು ಇರೋದೂ ಅಲ್ಲೇ. ನಮ್ಮ ಸಣ್ಣ ದೋಣಿಯವ್ರು ಬಲೆ ಬಿಡೋದೂ ಅಲ್ಲೇ, ಬಂದರಿಗೆ ಜಾಗ ಹುಡುಕೋರ ಕಣ್ಣು ಬೀಳೋದೂ ಅಲ್ಲೇ. ಇನ್ನೊಂದು, ಡಾಲ್ಫಿನ್ ತರದ್ದೇ ಸಣ್ಣ ಪ್ರಾಣಿ, ಪೋರ್ಪಾಯ್ಸ್ ಅಂತ ಇದೆ, ಬೆನ್ನ ಮೇಲೆ ರೆಕ್ಕೆ ಇಲ್ಲ, ಹಾರಲ್ಲ, ಕುಣಿಯಲ್ಲ, ಹಾಗಾಗಿ ಟೂರಿಸ್ಟ್ ಬೋಟ್‌ನವ್ರಿಗೂ ಬೇಡ. ಅದು ಇತ್ತು ಅಂತ ಜನಕ್ಕೆ ಗೊತ್ತಾಗೋದೇ ಸತ್ತು ದಡಕ್ಕೆ ಬಂದಾಗ.

ಇವು ಸಾಯೋದು ಹೆಚ್ಚಾಗಿ ಗಿಲ್‌ನೆಟ್‌ಗೆ, ಅಂದ್ರೆ ನೀರಲ್ಲಿ ಗೋಡೆ ತರ ಇಳಿಬಿಡೋ ಬಲೆಗೆ ಸಿಕ್ಕಿ. ತೆಳು ನೈಲಾನ್ ದಾರ ಅವಕ್ಕೆ ತಿಳಿಯೋದೇ ಇಲ್ಲ, ಸಿಕ್ಕಿಕೊಂಡ್ರೆ ಉಸಿರಿಗೆ ಮೇಲೆ ಬರೋಕಾಗಲ್ಲ, ಮೀನಲ್ವಲ್ಲ ಅದು. ಎರಡು ಮೂರು ವರ್ಷಕ್ಕೊಂದು ಮರಿ ಹಾಕೋ ಪ್ರಾಣಿ, ಒಂದು ಹೆಣ್ಣು ಹೋದ್ರೆ ತುಂಬೋಕೆ ಎಷ್ಟು ವರ್ಷ ಬೇಕು ನೀವೇ ಯೋಚ್ನೆ ಮಾಡಿ.

ಮೀನುಗಾರರನ್ನ ಬೈಯೋಕೆ ಬರೆದ ಪತ್ರ ಅಲ್ಲ ಇದು. ಜೀವ ಇರೋ ಡಾಲ್ಫಿನ್ ಬಿಡಬೇಕು ಅಂದ್ರೆ ಬಲೆ ಕುಯ್ಯಬೇಕು, ಆ ಬಲೆ ಸಾಲ ಮಾಡಿ ತಂದಿದ್ದು. ಇನ್ನು ಸತ್ತಿದ್ದು ಸಿಕ್ಕಿದ್ರೆ, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿರೋ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿ, ಕೇಸ್ ಬೀಳುತ್ತೆ ಅನ್ನೋ ಭಯ, ಸುಮ್ನೆ ನೀರಿಗೆ ಬಿಟ್ಟು ಬರ್ತಾರೆ. ಎಷ್ಟು ಸತ್ವು ಅಂತ ಲೆಕ್ಕ ಸಿಗೋದು ಎಲ್ಲಿಂದ? ಡಾಲ್ಫಿನ್ ಉಳಿಸೋ ಕೇಂದ್ರದ ಯೋಜನೆ, ಪ್ರಾಜೆಕ್ಟ್ ಡಾಲ್ಫಿನ್ ಅಂತ 2020ರಲ್ಲಿ ಕೆಂಪುಕೋಟೆಯಿಂದ ಘೋಷಣೆ ಆಯ್ತು, ನದಿ ಡಾಲ್ಫಿನ್ 6,327 ಅಂತ 2025ರಲ್ಲಿ ಲೆಕ್ಕಾನೂ ಕೊಟ್ರು, ನಮ್ಮ ಅಳಿವೆಗಳ ಲೆಕ್ಕ ಯಾರು ಕೊಡ್ತಾರೆ ಸರ್.

ಪಕ್ಕದ ಮಹಾರಾಷ್ಟ್ರ 2018ರಲ್ಲೇ ಒಂದು ಸ್ಕೀಮ್ ತಂದಿದೆ. ಸಿಕ್ಕಿಬಿದ್ದ ಡಾಲ್ಫಿನ್ನೋ ಆಮೆಯೋ ಇದ್ರೆ ಬಲೆ ಕತ್ತರಿಸಿ ಬಿಡಿ, ಫೋಟೋ ತೆಗೆದು ಕೊಡಿ, ಬಲೆಗೆ 25,000 ರೂಪಾಯಿವರೆಗೂ ಪರಿಹಾರ. ಅಷ್ಟೇ. ಇದಕ್ಕೆ ಕಮಿಟಿ ಬೇಕಾ? ಎಲ್ಲರ ಕೈಲೂ ಮೊಬೈಲ್ ಇದೆ. ಸತ್ತಿದ್ದನ್ನ ತಾವಾಗೇ ತಿಳಿಸಿದವ್ರ ಮೇಲೆ ಕೇಸ್ ಹಾಕಲ್ಲ ಅಂತ ಅರಣ್ಯ ಇಲಾಖೆ ಜೊತೆ ಮಾತಾಡಿ ಒಂದು ಸುತ್ತೋಲೆ ಹೊರಡಿಸಿದ್ರೆ ಲೆಕ್ಕ ತಾನಾಗೇ ಬರುತ್ತೆ.

ಹೊನ್ನಾವರದ ಹತ್ರ ಅಪ್ಸರಕೊಂಡ-ಮುಗಳಿ ಕಡಲ ವನ್ಯಜೀವಿಧಾಮ ಆಗಿದ್ದು ಖುಷಿನೇ. ಆದ್ರೆ ಅಘನಾಶಿನಿ ಅಳಿವೆ, ಕಾಳಿ ಅಳಿವೆ ಅದರೊಳಗೆ ಬರಲ್ಲ. ಅಲ್ಲಿ ಹೂಳೆತ್ತೋಕೆ, ಪೈಲಿಂಗ್‌ಗೆ (ನೀರಿನ ತಳಕ್ಕೆ ಕಂಬ ಹೊಡೆಯೋಕೆ) ಪರ್ಮಿಷನ್ ಕೊಡೋ ಮೊದಲು ವರ್ಷವಿಡೀ ಡಾಲ್ಫಿನ್ ಸರ್ವೆ ಮಾಡ್ಸಿ, ಬರೀ ಒಂದು ವಾರ ದುರ್ಬೀನು ಹಿಡ್ಕೊಂಡು ಹೋಗಿ ಏನೂ ಕಾಣ್ಲಿಲ್ಲ ಅಂತ ಬರೆಯೋ ಸರ್ವೆ ಅಲ್ಲ, ಅವು ಶಬ್ದದಲ್ಲೇ ದಾರಿ ಹುಡುಕಿ ಬದುಕೋ ಜೀವಿಗಳು, ನೀರೊಳಗೆ ಮೈಕ್ ಇಟ್ಟು ಕೇಳ್ಬೇಕು. ಮೀನುಗಾರಿಕೆ, ಬಂದರು ಎರಡೂ ಖಾತೆ ನಿಮ್ಮ ಹತ್ರಾನೇ ಇರೋದ್ರಿಂದ ಇನ್ನೊಬ್ಬ ಮಂತ್ರಿ ಒಪ್ಪಲಿಲ್ಲ ಅನ್ನೋ ಸಬೂಬೂ ಇಲ್ಲ.

ಬಲೆ ಪರಿಹಾರದ ಆದೇಶ ಮೊದಲು ಬರ್ಲಿ. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟ್‌ಗಳು ಇಳಿಯೋದ್ರೊಳಗೆ ಬಂದ್ರೆ ಇನ್ನೂ ಒಳ್ಳೇದು.

ಇಂತಿ,
ಕುಮಟಾ ಕಡೆಯ ಒಬ್ಬ ಮತದಾರ