‘ಬಾಯಿ ಮುಚ್ಚು’ ಅನ್ನದವರಿಗೆ

ನಿನ್ನೆ ಸಂಜೆ ನನ್ನ ಮಗನ ಥೆರಪಿ ಮುಗಿಯಿತು, ಬಾಯಿಯ ಬದಲು ಮೂಗಿನಲ್ಲಿ ಉಸಿರಾಡಲು ಕಲಿಸುವ ಥೆರಪಿ. ಇನ್ನು ಆರು ತಿಂಗಳು ಬಿಟ್ಟು ಒಂದು ಸಲ ಬಂದು ತೋರಿಸಿದರೆ ಸಾಕು ಎಂದರು ಥೆರಪಿ ಮೇಡಂ. ಮನೆಗೆ ಬಂದವಳೇ ಅವನ ದಿಂಬಿನ ಮೇಲೆ ಹಾಸುತ್ತಿದ್ದ ಟವೆಲನ್ನು ಮಡಿಸಿ ಬೀರುವಿನೊಳಗೆ ಇಟ್ಟೆ. ಐದು ವರ್ಷ ಅದು ಅಲ್ಲಿತ್ತು. ರಾತ್ರಿಯಿಡೀ ಬಾಯಿ ತೆರೆದು ಮಲಗುತ್ತಿದ್ದ, ಜೊಲ್ಲಿಗೆ ದಿಂಬು ನೆನೆಯುತ್ತಿತ್ತು, ಅದಕ್ಕೆ.

ಧನ್ಯವಾದ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲು ನನ್ನ ತಪ್ಪು ಹೇಳಬೇಕು. ಮಗನಿಗೆ ಈಗ ಒಂಬತ್ತು. ನಾಲ್ಕು ವರ್ಷದವನಿದ್ದಾಗಿನಿಂದ ಅವನ ಬಾಯಿ ಯಾವಾಗಲೂ ಸ್ವಲ್ಪ ತೆರೆದೇ ಇರುತ್ತಿತ್ತು. ಟಿವಿ ನೋಡುವಾಗ, ಬರೆಯುವಾಗ, ಬಸ್ಸಿನ ಕಿಟಕಿ ಪಕ್ಕ ಕೂತಾಗ. ನಾನು ದಿನಕ್ಕೆ ಹತ್ತು ಸಲ ‘ಬಾಯಿ ಮುಚ್ಚೋ’ ಎನ್ನುತ್ತಿದ್ದೆ. ಮನೆಗೆ ಬಂದ ನೆಂಟರೂ ಅದನ್ನೇ ಅನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಇದೆ, ಅಲ್ವಾ? ಅವನ ಮನಸ್ಸಿಗೆ ಹೋಗಿದ್ದು ಅದೇ ಅರ್ಥ. ಬರಬರುತ್ತಾ ಮಾತು ಕಡಿಮೆ ಮಾಡಿದ. ಕ್ಲಾಸಿನಲ್ಲಿ ಕೈ ಎತ್ತುವುದು ಬಿಟ್ಟ. ‘ಮಂಕು’ ಎಂದು ಯಾರೋ ಹೇಳಿದರು, ನಾನೂ ಅರ್ಧ ನಂಬಿದೆ. ರಾತ್ರಿ ಗೊರಕೆ ಹೊಡೆಯುತ್ತಾ, ಮಗ್ಗಲು ಬದಲಾಯಿಸುತ್ತಾ, ಸರಿಯಾಗಿ ನಿದ್ದೆಯೇ ಮಾಡದ ಮಗು ಬೆಳಗ್ಗೆ ಹೇಗೆ ಚುರುಕಾಗಿರಬೇಕು? ಆಗ ಅದು ಹೊಳೆಯಲಿಲ್ಲ.

ಡಾಕ್ಟರಿಗೆ ತೋರಿಸಲಿಲ್ಲ ಎಂದಲ್ಲ. ನೆಗಡಿಗೆ ಸಿರಪ್ ಬರೆದುಕೊಡುತ್ತಿದ್ದರು. ದೊಡ್ಡವನಾದರೆ ತಾನೇ ಸರಿಹೋಗುತ್ತೆ ಎಂದರು ಒಬ್ಬರು. ಎರಡು ವರ್ಷ ಸುಮ್ಮನಿದ್ದೆವು.

ಹಾಗಾಗಿ ಮೊದಲ ಧನ್ಯವಾದ ಹಲ್ಲಿನ ಡಾಕ್ಟರಿಗೆ. ಮುಂದಿನ ಹಲ್ಲು ಸೊಟ್ಟಗೆ ಬರುತ್ತಿದೆ, ಕ್ಲಿಪ್ ಹಾಕಿಸೋಣ ಎಂದು ಹೋಗಿದ್ದೆವು. ಅವರು ಹಲ್ಲು ನೋಡಿದರು, ಆಮೇಲೆ ಟಾರ್ಚ್ ಬಿಟ್ಟು ತುಂಬಾ ಹೊತ್ತು ಅಂಗುಳ ನೋಡಿದರು. ಅದು ಅಗಲವಾಗಿರುವ ಬದಲು ಕಿರಿದಾಗಿ ಮೇಲಕ್ಕೆ ಹೋಗಿತ್ತು. ‘ರಾತ್ರಿ ಬಾಯಿ ತೆರೆದು ಮಲಗ್ತಾನಾ?’ ಎಂದು ಕೇಳಿದರು. ಆ ಪ್ರಶ್ನೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಬಾಯಿ ಮುಚ್ಚಿದ್ದಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಕೂರಬೇಕಂತೆ. ಒಳಗಿನಿಂದ ನಾಲಿಗೆ ಹೊರಕ್ಕೆ ಒತ್ತುತ್ತದೆ, ಹೊರಗಿನಿಂದ ಕೆನ್ನೆ ಒಳಕ್ಕೆ ಒತ್ತುತ್ತದೆ. ಎರಡೂ ಸಮ ಇದ್ದರೆ ಮೇಲಿನ ದವಡೆ ಅಗಲವಾಗಿ ಬೆಳೆಯುತ್ತದೆ. ಬಾಯಲ್ಲಿ ಉಸಿರಾಡುವ ಮಗುವಿನ ನಾಲಿಗೆ ಕೆಳಗೆ ಬಿದ್ದಿರುತ್ತದೆ. ಆಗ ಕೆನ್ನೆಯ ಒತ್ತಡ ಮಾತ್ರ ಉಳಿಯುತ್ತದೆ, ಹಲ್ಲಿಗೆ ಜಾಗ ಸಾಲುವುದಿಲ್ಲ. ‘ಹಲ್ಲು ಆಮೇಲೆ ನೋಡೋಣ. ಮೊದಲು ಮೂಗು ತೋರಿಸಿ’ ಎಂದು ಚೀಟಿ ಬರೆದುಕೊಟ್ಟರು. ಆವತ್ತು ಫೀಸು ಕೂಡ ತೆಗೆದುಕೊಳ್ಳಲಿಲ್ಲ.

ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಮೆತ್ತನೆಯ ಅಂಗಾಂಶ ಇತ್ತು. ಎಲ್ಲ ಮಕ್ಕಳಿಗೂ ಇರುತ್ತದೆ, ಸಾಮಾನ್ಯವಾಗಿ ಮೂರರಿಂದ ಏಳು ವರ್ಷದೊಳಗೆ ದೊಡ್ಡದಾಗಿ ಆಮೇಲೆ ಕುಗ್ಗುತ್ತದೆ. ಇವನಿಗೆ ಅದು ಉಸಿರಿನ ದಾರಿಯನ್ನೇ ಮುಚ್ಚಿತ್ತು. ಕೆಲವು ತಿಂಗಳು ಮೂಗಿಗೆ ಸ್ಪ್ರೇ ಹಾಕಿ ನೋಡಿದರು. ಸಾಲಲಿಲ್ಲ. ಹೋದ ದಸರಾ ರಜೆಯಲ್ಲಿ ಆಪರೇಷನ್ ಆಯಿತು.

ಎರಡು ತಿಂಗಳಾದರೂ ಬಾಯಿ ತೆರೆದೇ ಇತ್ತು. ಇಎನ್‌ಟಿ ಡಾಕ್ಟರ ಮುಂದೆ ಕೂತು ಅತ್ತುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ‘ನಾವು ಬಾಗಿಲು ತೆಗೆದಿದ್ದೀವಮ್ಮ. ಆ ಬಾಗಿಲಲ್ಲಿ ಓಡಾಡಿ ಅವನಿಗೆ ಅಭ್ಯಾಸ ಇಲ್ಲ, ಅಷ್ಟೆ’ ಎಂದರು. ತುಟಿ, ನಾಲಿಗೆ, ಕೆನ್ನೆಯ ಸ್ನಾಯುಗಳಿಗೆ ಹೊಸದಾಗಿ ಪಾಠ ಹೇಳಿಕೊಡುವ ಮಯೋಫಂಕ್ಷನಲ್ ಥೆರಪಿ ಎಂಬುದು ಇದೆ ಎಂದು ಗೊತ್ತಾಗಿದ್ದು ಆವತ್ತೇ.

ಈಗ ನಮ್ಮ ಸ್ಪೀಚ್ ಥೆರಪಿಸ್ಟ್ ಮೇಡಂ ಬಗ್ಗೆ ಹೇಳಬೇಕು. ಅವರು ಓದಿದ್ದು ಇಲ್ಲೇ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಿಂದ ನಮ್ಮೂರಲ್ಲೇ ಇರುವ ಸಂಸ್ಥೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ನಾನು, ಅಲ್ಲಿ ಓದಿದವರ ಕೆಲಸ ಕಿವಿ ಕೇಳದವರಿಗೆ, ತೊದಲುವವರಿಗೆ ಮಾತ್ರ ಅಂದುಕೊಂಡಿದ್ದೆ.

ಮೇಡಂ ಮೊದಲ ದಿನ ವ್ಯಾಯಾಮ ಕೊಡಲಿಲ್ಲ, ಒಂದು ನಿಯಮ ಕೊಟ್ಟರು. ಮನೆಯಲ್ಲಿ ಇನ್ನು ಮೇಲೆ ಯಾರೂ ಇವನಿಗೆ ‘ಬಾಯಿ ಮುಚ್ಚು’ ಅನ್ನಬಾರದು. ನೆನಪು ಮಾಡಬೇಕಾದರೆ ನಿಮ್ಮ ಮೂಗನ್ನು ನೀವೇ ಬೆರಳಲ್ಲಿ ಮುಟ್ಟಿ ತೋರಿಸಿ, ಸಾಕು ಎಂದರು. ಮಗ ಅವರನ್ನೇ ನೋಡುತ್ತಿದ್ದ. ಆಮೇಲೆ ಅವನ ಕಡೆ ತಿರುಗಿ, ‘ನಿನ್ನ ತಪ್ಪೇನೂ ಇರಲಿಲ್ಲ ಪುಟ್ಟ. ಮೂಗು ಕಟ್ಟಿತ್ತು, ನೀನು ಬಾಯಿಂದ ಉಸಿರಾಡಿ ಜಾಣತನ ಮಾಡಿದೆ’ ಎಂದರು. ಮೇಡಂ, ನಿಮಗೆ ನೆನಪಿದೆಯೋ ಇಲ್ಲವೋ. ಆ ಮಾತನ್ನು ನಾನು ಮರೆಯುವುದಿಲ್ಲ.

ರೀಲ್ಸ್ ನೋಡಿ ತುಟಿಗೆ ಅಂಟಿಸುವ ಟೇಪು ತಂದಿಟ್ಟಿದ್ದೆ. ಅದನ್ನೂ ತಡೆದವರು ಅವರೇ. ಮಧ್ಯರಾತ್ರಿ ಮೂಗು ಕಟ್ಟಿದರೆ ಟೇಪು ಹಾಕಿದ ಮಗು ಎಲ್ಲಿಂದ ಉಸಿರಾಡಬೇಕು? ಇದನ್ನು ಓದುವ ಅಮ್ಮಂದಿರೇ, ದಯವಿಟ್ಟು ಮಕ್ಕಳಿಗೆ ಅದನ್ನು ಮಾಡಬೇಡಿ. ಮೊದಲು ಮೂಗು ತೋರಿಸಿ.

ವ್ಯಾಯಾಮಗಳು ನೋಡಲು ಆಟದ ಹಾಗಿದ್ದವು. ‘ಲ’ ಅನ್ನುವಾಗ ನಾಲಿಗೆಯ ತುದಿ ಎಲ್ಲಿ ಮುಟ್ಟುತ್ತದೋ ಅದೇ ಅದರ ಮನೆ. ಅಲ್ಲಿ ತುದಿ ಇಟ್ಟು, ಇಡೀ ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ, ಟಕ್ ಎಂದು ಬಿಡಿಸಬೇಕು. ಜಟಕಾ ಗಾಡಿಯವರು ಕುದುರೆಗೆ ಮಾಡುವ ಸದ್ದು. ನಾಲಿಗೆಗೆ ಬಲ ಇಲ್ಲದ ಇವನಿಗೆ ಮೊದಲ ವಾರ ಆ ಸದ್ದು ಬರಲೇ ಇಲ್ಲ. ಐಸ್‌ಕ್ಯಾಂಡಿ ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚದೆ ಬರೀ ತುಟಿಯಲ್ಲಿ ಹಿಡಿದುಕೊಂಡು ಹೋಂವರ್ಕ್ ಮಾಡಬೇಕು. ದೊಡ್ಡ ಗುಂಡಿಗೆ ಗಟ್ಟಿ ದಾರ ಕಟ್ಟಿ, ಅದನ್ನು ತುಟಿ ಮತ್ತು ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು. ದಾರದ ತುದಿ ನನ್ನ ಕೈಯಲ್ಲಿ. ನಾನು ಮೆಲ್ಲಗೆ ಎಳೆಯುವುದು, ಅವನು ತುಟಿಯಲ್ಲಿ ಬಿಗಿ ಹಿಡಿಯುವುದು. ಜನವರಿಯಲ್ಲಿ ಎರಡು ಎಣಿಸುವಷ್ಟರಲ್ಲಿ ಗುಂಡಿ ಹೊರಗೆ ಬರುತ್ತಿತ್ತು. ಈಗ ನನ್ನ ಕೈ ಸೋಲುತ್ತದೆ.

ಕಷ್ಟ ಆಗಿದ್ದು ಊಟ. ಬಾಯಿಯಲ್ಲೇ ಉಸಿರಾಡುವವನು ಬಾಯಿ ಮುಚ್ಚಿ ಅಗಿಯುವುದು ಹೇಗೆ? ಅದಕ್ಕೇ ಇವನಿಗೆ ಮುದ್ದೆ ಇಷ್ಟ, ಅಗಿಯದೆ ನುಂಗಬಹುದು. ಚಪಾತಿ ಕಂಡರೆ ತಟ್ಟೆ ತಳ್ಳುತ್ತಿದ್ದ. ಹಟ ಎಂದು ಬೈಯುತ್ತಿದ್ದೆವು. ಮೇಡಂ ಮುದ್ದೆ ಬಿಡಿಸಲಿಲ್ಲ. ಅದರ ಜೊತೆ ದಿನಾ ಒಂದಿಷ್ಟು ಸೌತೆಕಾಯಿ, ಒಂದು ಚೂರು ಕೊಬ್ಬರಿ, ಎರಡೂ ಕಡೆ ಅಗಿದು ತಿನ್ನಲಿ ಎಂದರು. ನುಂಗುವಾಗ ನಾಲಿಗೆ ಹಲ್ಲನ್ನು ಮುಂದಕ್ಕೆ ತಳ್ಳದೆ ಮೇಲಕ್ಕೆ ಒತ್ತಬೇಕು. ನಾವು ದಿನಕ್ಕೆ ನೂರಾರು ಸಲ ನುಂಗುತ್ತೇವೆ. ಅಷ್ಟು ಸಲವೂ ಹಲ್ಲನ್ನು ತಳ್ಳುತ್ತಿದ್ದರೆ ಕ್ಲಿಪ್ ಹಾಕಿ ಏನು ಪ್ರಯೋಜನ?

ನಮ್ಮತ್ತೆಗೆ ನಮಸ್ಕಾರ. ಬೆಳಗ್ಗೆ ದೇವರ ದೀಪ ಹಚ್ಚಿದ ಮೇಲೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಭ್ರಾಮರಿ ಮಾಡಿಸಿದರು. ತುಟಿ ಮುಚ್ಚಿ ದುಂಬಿಯ ಹಾಗೆ ಗುಂಯ್‌ಗುಡುವುದು. ಮೇಡಂಗೆ ಹೇಳಿದಾಗ ಅವರಿಗೆ ತುಂಬಾ ಖುಷಿ. ಮೂಗಿನ ಪಕ್ಕದ ಸೈನಸ್‌ಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಹೀಗೆ ಗುನುಗಿದಾಗ ಅದು ಮೂಗಿನೊಳಗೆ ಸುಮಾರು 15 ಪಟ್ಟು ಹೆಚ್ಚುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ತೋರಿಸಿದ್ದಾರಂತೆ. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ಮೊಮ್ಮಗನ ದುಂಬಿ ದಿನದಿಂದ ದಿನಕ್ಕೆ ಉದ್ದವಾಗುವುದನ್ನು ಎಣಿಸುತ್ತಿದ್ದರು.

ನಮ್ಮ ಯಜಮಾನರಿಗೆ ಮೊದಲು ನಂಬಿಕೆ ಇರಲಿಲ್ಲ. ಇದೇನು ಹೊಸದಲ್ಲ, ಅಮೆರಿಕದ ಹಲ್ಲಿನ ಡಾಕ್ಟರು ಆಲ್‌ಫ್ರೆಡ್ ರೋಜರ್ಸ್ 1918ರಲ್ಲೇ ಮುಖದ ಸ್ನಾಯುಗಳ ವ್ಯಾಯಾಮದ ಬಗ್ಗೆ ಬರೆದಿದ್ದಾರೆ ಎಂದರು ಮೇಡಂ. ನಮ್ಮ ಯಜಮಾನರಿಗೂ ಗೊರಕೆ ಜೋರು. ಬ್ರೆಜಿಲಿನಲ್ಲಿ ಮಧ್ಯಮ ಮಟ್ಟದ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ತಡೆಯುವ ತೊಂದರೆ) ಇದ್ದ 31 ಜನರ ಮೇಲೆ ಒಂದು ಅಧ್ಯಯನ ನಡೆದು 2009ರಲ್ಲಿ ಪ್ರಕಟವಾಗಿದೆ. ಮೂರು ತಿಂಗಳು ನಾಲಿಗೆ, ಗಂಟಲಿನ ವ್ಯಾಯಾಮ ಮಾಡಿದವರಿಗೆ ನಿದ್ದೆಯಲ್ಲಿ ಉಸಿರು ತಡೆಯುವುದು ಗಂಟೆಗೆ ಸರಾಸರಿ 22 ಸಲದಿಂದ 14ಕ್ಕೆ ಇಳಿಯಿತು. ಅದನ್ನು ಕೇಳಿದ ಮೇಲೆ ಮಗನ ಪಕ್ಕ ಕನ್ನಡಿ ಮುಂದೆ ತಾವೂ ನಿಂತರು. ರಾತ್ರಿ ಉಸಿರಾಟಕ್ಕೆ ಗಾಳಿ ಒತ್ತುವ ಮಿಷನ್ ಬೇಕಾದವರಿಗೆ ಇದು ಅದರ ಬದಲಿಯಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಯಜಮಾನರ ತಪಾಸಣೆ ಬೇರೆ ನಡೆಯುತ್ತಿದೆ. ಆದರೆ ಒಂಬತ್ತು ತಿಂಗಳು ಒಂದು ದಿನವೂ ತಪ್ಪಿಸದೆ ಮಗನ ಜೊತೆ ನಿಂತಿದ್ದಕ್ಕೆ ಅವರಿಗೆ ಇಲ್ಲೇ, ಎಲ್ಲರ ಮುಂದೆ, ಥ್ಯಾಂಕ್ಸ್.

ಕ್ಲಾಸ್ ಮಿಸ್, ನೀವು ಅವನ ಡೆಸ್ಕಿನ ಮೂಲೆಯಲ್ಲಿ ಪುಟ್ಟ ಹಳದಿ ಸ್ಟಿಕ್ಕರ್ ಅಂಟಿಸಿದಿರಿ. ಅದು ಕಣ್ಣಿಗೆ ಬಿದ್ದಾಗಲೆಲ್ಲ ತುಟಿ ಸೇರಿದೆಯಾ, ನಾಲಿಗೆ ಮೇಲಿದೆಯಾ ಎಂದು ಅವನೇ ನೋಡಿಕೊಳ್ಳುತ್ತಿದ್ದ. ನಲವತ್ತು ಮಕ್ಕಳಲ್ಲಿ ಒಬ್ಬರಿಗೂ ಅದು ಯಾಕೆ ಎಂದು ತಿಳಿಯದ ಹಾಗೆ ನೋಡಿಕೊಂಡಿರಿ.

ಕೊನೆಗೆ ನಿನಗೆ, ಪುಟ್ಟ. ಇದನ್ನು ನೀನು ಓದುತ್ತೀಯ ಎಂದು ಗೊತ್ತು. ದಿನಾ ಇಪ್ಪತ್ತು ನಿಮಿಷ, ಜ್ವರ ಬಂದ ದಿನ ಬಿಟ್ಟು ಎಲ್ಲ ದಿನ ಮಾಡಿದೆ. ಹಲ್ಲಿನ ಕೆಲಸ ಇನ್ನೂ ಬಾಕಿ ಇದೆ, ಅದನ್ನೂ ಮಾಡಿಸೋಣ. ಅಷ್ಟು ವರ್ಷ ಆ ಮಾತು ಅಂದಿದ್ದಕ್ಕೆ ಅಮ್ಮನನ್ನು ಕ್ಷಮಿಸು. ನಿನ್ನೆ ಮೇಡಂ ಮನೆಯಿಂದ ಬರುವಾಗ ಸ್ಕೂಟರಿನ ಹಿಂದೆ ಕೂತು ನೀನು ದಾರಿಯುದ್ದಕ್ಕೂ ಏನೇನೋ ಹೇಳುತ್ತಲೇ ಇದ್ದೆ. ಗಾಳಿಯಲ್ಲಿ ನನಗೆ ಅರ್ಧ ಕೇಳಿಸಲಿಲ್ಲ. ಇವತ್ತು ಊಟಕ್ಕೆ ಕೂತಾಗ ಮೊದಲಿಂದ ಹೇಳು.